ಇಡುಗಂಟು ಮತ್ತು ಹೆಬ್ಬೆಟ್ಟು

ಬ್ಯಾಂಕುಗಳ ವಿಚಾರವು ಅರ್ಥಶಾಸ್ತ್ರಜ್ಞರಿಗೆ ಸೇರಿದ್ದು, ಸಾಹಿತ್ಯಾಭ್ಯಾಸಿಗಳಿಗೆ ಅದರಿಂದ ಆಗಬೇಕಾದುದೇನು ಎಂದು ಈ ಪತ್ರಿಕೆಯ ವಾಚಕರಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಒಬ್ಬನು ತನ್ನ ದ್ರವ್ಯವನ್ನು ಮತ್ತೊಬ್ಬನ ಕೈಯಲ್ಲಿಡುವುದು, ಇಟ್ಟವನು ತಾನೇ ಎಂದು ಮುಂದೊಮ್ಮೆ ತೋರಿಸಿಕೊಡುವುದು, ಈ ಎರಡು ಕಾರ್ಯಗಳೂ ನಮ್ಮ ಧರ್ಮಶಾಸ್ತ್ರಗಳಲ್ಲಿಯೂ ನಾಟಕಗಳಲ್ಲಿಯೂ ಬಹುಕಾಲದಿಂದ ಚರ್ಚೆಗೆ ಬಂದಿರುವ ವಿಷಯಗಳೇ ಆಗಿವೆ. ಇಂದಿನ ಬ್ಯಾಂಕಿನ ಮೇಜಿನ ಮೇಲೆ ಈ ಎರಡೂ ಒಂದೆಡೆ ಕೂಡಿವೆ. ಒಂದು ಕೈಯಿಂದ ಹಣವನ್ನು ಕೊಡುತ್ತೇವೆ; ಇನ್ನೊಂದು ಕೈಯ ಬೆರಳನ್ನು ಗಾಜಿನ ಮೇಲೆ ಒತ್ತುತ್ತೇವೆ. ಮೊದಲನೆಯದು ಮುಳುಗಿಹೋದರೆ ಏನು ಗತಿ ಎಂಬುದನ್ನು ನಮ್ಮ ದೇಶವು ಅರ್ಧ ಶತಮಾನದ ಕಷ್ಟದಿಂದ ಕಲಿತುಕೊಂಡಿತು. ಎರಡನೆಯದು ಕಳವಾದರೆ ಏನು ಗತಿ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಈ ಅಂತರವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ನಮ್ಮ ನಾಡಿನಲ್ಲಿ ಹುಟ್ಟಿ ಭರತಖಂಡದ ಬಹುಭಾಗದ ನ್ಯಾಯಸ್ಥಾನಗಳಲ್ಲಿ ಪ್ರಮಾಣವಾಗಿ ನಿಂತ ಗ್ರಂಥ. ದಾಯಭಾಗದ ವಿಷಯದಲ್ಲಿ ಅದನ್ನು ಎಲ್ಲರೂ ಸ್ಮರಿಸುತ್ತಾರೆ. ಅದರ ವ್ಯವಹಾರಕಾಂಡದಲ್ಲಿ ಬರುವ ‘ಉಪನಿಧಿ’ಯ ಪ್ರಕರಣವನ್ನು ಓದುವವರು ಕಡಮೆ. ಲೆಕ್ಕ ಮಾಡಿ ತೋರಿಸಿ ಒಪ್ಪಿಸಿದ ಧನವು ನಿಕ್ಷೇಪ. ಒಳಗೇನಿದೆ ಎಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಮುದ್ರೆಯೊತ್ತಿ ಒಪ್ಪಿಸಿದ್ದು ಉಪನಿಧಿ. ಉಪನಿಧಿಯನ್ನು ಹೇಗೆ ತೆಗೆದುಕೊಂಡನೋ ಹಾಗೆಯೇ, ಮುದ್ರೆಯೊಡೆಯದೆ, ಹಿಂದಿರುಗಿಸತಕ್ಕದ್ದು. ಅರಸನೋ ದೈವವೋ ಕಳ್ಳರೋ ಒಯ್ದರೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಒಡೆಯನ ಅಪ್ಪಣೆಯಿಲ್ಲದೆ ತನ್ನಿಚ್ಛೆಯಿಂದ ಅದನ್ನು ಬಳಸಿ ಜೀವಿಸಿದವನು ದಂಡಕ್ಕೆ ಗುರಿಯಾಗತಕ್ಕದ್ದಲ್ಲದೆ ಬಡ್ಡಿಸಹಿತವಾಗಿ ಅದನ್ನು ತೆರತಕ್ಕದ್ದು. ಈ ಕೊನೆಯ ವಿಧಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ; ಮುಂದೆ ಇದರ ಪ್ರಯೋಜನ ಬೀಳುತ್ತದೆ.

ಬ್ಯಾಂಕಿನಲ್ಲಿ ನಾವಿಡುವ ಠೇವಣಿಯು ಈ ಎರಡರಲ್ಲಿ ಯಾವುದು? ಯಾವುದೂ ಅಲ್ಲ. ‘ನನ್ನ ಹಣ ಬ್ಯಾಂಕಿನಲ್ಲಿದೆ’ ಎಂದು ನಾವು ಆಡುವ ಮಾತು ಲೋಕರೂಢಿಯೇ ಹೊರತು ಕಾನೂನಿನ ಮಾತಲ್ಲ. 1848ರಲ್ಲಿ ಇಂಗ್ಲೆಂಡಿನ ಪ್ರಭುಸಭೆಯು ಫೋಲಿ ಎಂಬವರಿಗೂ ಹಿಲ್ ಎಂಬವರಿಗೂ ನಡೆದ ವ್ಯಾಜ್ಯದಲ್ಲಿ ಇದನ್ನು ಇತ್ಯರ್ಥ ಮಾಡಿತು. ಬ್ಯಾಂಕಿಗೆ ಕೊಟ್ಟ ಹಣವು ಆ ಕ್ಷಣದಿಂದ ಬ್ಯಾಂಕಿನ ಸ್ವತ್ತು. ಕೊಟ್ಟವನು ನಿಕ್ಷೇಪದ ಒಡೆಯನಲ್ಲ, ಬರಿಯ ಸಾಲಿಗ. ಬ್ಯಾಂಕು ಅವನ ಸಾಲಗಾರ. ನಮ್ಮ ದೇಶದ ನ್ಯಾಯಾಲಯಗಳೂ ಇದೇ ತತ್ತ್ವವನ್ನು ಹಿಡಿದು ನಡೆದಿವೆ. ಹಳೆಯ ಶಾಸ್ತ್ರದ ದೃಷ್ಟಿಯಿಂದ ಯಾವುದು ದಂಡಾರ್ಹವಾದ ಅಪರಾಧವೋ ಅದೇ ಬ್ಯಾಂಕಿನ ಕಸಬು. ಪರರ ದ್ರವ್ಯವನ್ನು ತನ್ನಿಚ್ಛೆಯಿಂದ ಬಳಸಿಯೇ ಅದು ಬದುಕುತ್ತದೆ. ಇದನ್ನು ನಿಂದೆಯ ಮಾತಾಗಿ ಹೇಳುತ್ತಿಲ್ಲ. ಹಾಗೆ ಬಳಸಲು ನಾವು ಒಪ್ಪಿರುವುದರಿಂದಲೇ ನಮಗೆ ಬಡ್ಡಿ. ಹಾಗೆ ಬಳಸುವುದರಿಂದಲೇ ದೇಶದಲ್ಲಿ ಗಿರಣಿ ನಡೆಯುತ್ತದೆ, ಬಾವಿ ತೋಡುತ್ತಾರೆ, ಮನೆ ಕಟ್ಟುತ್ತಾರೆ.

ತೊಡಕು ಎಲ್ಲಿರುವುದೆಂದರೆ, ಠೇವಣಿಯನ್ನು ಕೇಳಿದಾಗ ಕೊಡುವೆನೆಂದು ಬ್ಯಾಂಕು ಮಾತು ಕೊಟ್ಟಿದೆ. ತಾನು ಕೊಟ್ಟ ಸಾಲವನ್ನಾದರೋ ಕೇಳಿದಾಗ ವಸೂಲು ಮಾಡಲಾರದು. ಪೆಟ್ಟಿಗೆಯಲ್ಲಿ ನಗದು ಇರುವುದು ಅಲ್ಪಭಾಗ. ಎಲ್ಲರೂ ಒಂದೇ ದಿನ ಬಾರದಿರುವವರೆಗೆ ಎಲ್ಲರಿಗೂ ಹಣ ಸಿಕ್ಕುತ್ತದೆ. ಎಲ್ಲರೂ ಬಂದ ದಿನ ಗಟ್ಟಿಯಾದ ಬ್ಯಾಂಕೂ ನಿಲ್ಲಲಾರದು. ಸಂಶಯ ಹುಟ್ಟಿದಾಗ ಮೊದಲು ಓಡಿದವನಿಗೆ ಪೂರ್ತಿ ಹಣ, ಕೊನೆಗೆ ಬಂದವನಿಗೆ ಬಾಗಿಲಿನ ಬೀಗ. ಆದ್ದರಿಂದ ಬುದ್ಧಿವಂತನು ಸಂಶಯವು ನಿಜವೋ ಸುಳ್ಳೋ ಎಂದು ವಿಚಾರಿಸದೆ ಓಡುತ್ತಾನೆ, ಓಡುವುದರಿಂದ ಸುಳ್ಳು ಸಂಶಯವೂ ನಿಜವಾಗುತ್ತದೆ. ಇದರ ಮೇಲೆ ಬ್ಯಾಂಕುಗಳ ನಡುವಣ ಪೈಪೋಟಿಯೂ ಸೇರಿದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿ ನಿದರ್ಶನಗಳು ಬೇಕಾದಷ್ಟಿವೆ.

ಸ್ವದೇಶೀ ಚಳವಳಿಯ ಉತ್ಸಾಹದಲ್ಲಿ 1906ರಿಂದ ಮುಂದಕ್ಕೆ ದೇಶದ ನಾನಾಕಡೆ ಬ್ಯಾಂಕುಗಳು ಹುಟ್ಟಿದುವು. ಬಂಡವಾಳ ಅಲ್ಪ, ಅನುಭವ ಇನ್ನೂ ಅಲ್ಪ. ಠೇವಣಿಯನ್ನು ಸೆಳೆಯಲು ಇದ್ದ ಉಪಾಯವೆಂದರೆ ಹೆಚ್ಚು ಬಡ್ಡಿ. ಹೆಚ್ಚು ಬಡ್ಡಿ ಕೊಡಬೇಕಾದವನು ಹೆಚ್ಚು ಬಡ್ಡಿ ತರುವ ಸಾಲವನ್ನೇ ಹುಡುಕಬೇಕು. ಹೆಚ್ಚು ಬಡ್ಡಿಗೆ ಸಾಲ ಕೊಳ್ಳುವವನು ಸಾಮಾನ್ಯವಾಗಿ ಬೇರೆಡೆ ಸಾಲ ಹುಟ್ಟದವನು. ಜಾನ್ ಮೇನಾರ್ಡ್ ಕೇನ್ಸ್ ಎಂಬ ಅರ್ಥಶಾಸ್ತ್ರಜ್ಞರು 1913ರಲ್ಲಿ ಪ್ರಕಟಿಸಿದ ತಮ್ಮ ಮೊದಲನೆಯ ಗ್ರಂಥದಲ್ಲಿ, ಈ ಚಿಕ್ಕ ಬ್ಯಾಂಕುಗಳ ಕೈನಗದು ಸಾಲದು, ಕೆಟ್ಟ ಕಾಲ ಬಂದರೆ ಇವು ನಿಲ್ಲಲಾರವು ಎಂದು ಎಚ್ಚರಿಸಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಆಫ್ ಇಂಡಿಯಾ ಬಾಗಿಲು ಮುಚ್ಚಿತು. ಅದರ ಬೆನ್ನಲ್ಲೇ ಮುಂಬಯಿಯಲ್ಲಿ ಬೆಳ್ಳಿಯ ಸಟ್ಟಾವ್ಯಾಪಾರಕ್ಕಿಳಿದಿದ್ದ ಇಂಡಿಯನ್ ಸ್ಪೀಸಿ ಬ್ಯಾಂಕು ಬಿತ್ತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಹತ್ತಾರು ಬ್ಯಾಂಕುಗಳು ದಿವಾಳಿಯೆದ್ದುವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕು ಪ್ರಾರಂಭವಾದುದೂ ಆ 1913ರ ಅಕ್ಟೋಬರಿನಲ್ಲಿಯೇ. ಸಂಸ್ಥಾನದ ಸರ್ಕಾರದ ಬೆಂಬಲವಿದ್ದ ಆ ಬ್ಯಾಂಕು ಬಿರುಗಾಳಿಯ ನಡುವೆ ಹುಟ್ಟಿಯೂ ಉಳಿಯಿತು.

ದಕ್ಷಿಣ ಕನ್ನಡದ ವೃತ್ತಾಂತವು ಇದಕ್ಕಿಂತ ಭಿನ್ನವಾಗಿಯೂ ಕುತೂಹಲಕರವಾಗಿಯೂ ಇದೆ. 1906ರ ಮಾರ್ಚಿಯಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮೊದಲಾದವರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ನನ್ನು ಸ್ಥಾಪಿಸಿದರು. ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ತೆರೆದರು. ಅಕ್ಟೋಬರಿನಲ್ಲಿಯೇ, ಅಂದು ಈ ಜಿಲ್ಲೆ ಸೇರಿದ್ದ ಅಧಿಪತ್ಯದ ರಾಜಧಾನಿಯಾದ ಮದರಾಸಿನಲ್ಲಿ, ಆರ್ಬತ್‌ನಾಟ್ ಎಂಬ ಹೆಸರಾಂತ ಆಂಗ್ಲ ಸಾಹುಕಾರೀ ಸಂಸ್ಥೆ ಕುಸಿದು ಸಾವಿರಾರು ಕುಟುಂಬಗಳ ಗಂಟು ಮುಳುಗಿತು. ಅಷ್ಟಾದರೂ ತೀರದಲ್ಲಿ ಬ್ಯಾಂಕುಗಳ ಹುಟ್ಟು ನಿಲ್ಲಲಿಲ್ಲ. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯ ಸಿಂಡಿಕೇಟು, 1931ರಲ್ಲಿ ವಿಜಯಾ ಬ್ಯಾಂಕು ಬಂದುವು. ಒಂದೇ ಜಿಲ್ಲೆಯಲ್ಲಿ ಇಷ್ಟು ಬ್ಯಾಂಕುಗಳು ಒಂದೇ ಜನರ ಹಣಕ್ಕೆ ಕೈಯೊಡ್ಡಿದ ಮೇಲೆ ಪೈಪೋಟಿ ಇರಲೇಬೇಕು. ಆದರೆ ಅದು ಎಲ್ಲೆಡೆಯೂ ಬಡ್ಡಿಯ ದರದ ಪೈಪೋಟಿಯಾಗಿರಲಿಲ್ಲ. ಸಿಂಡಿಕೇಟು 1928ರಲ್ಲಿ ಆರಂಭಿಸಿದ ‘ಪಿಗ್ಮಿ’ ಠೇವಣಿಯನ್ನು ನೋಡಿ: ಬ್ಯಾಂಕಿನ ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ತೆಗೆದುಕೊಂಡು ಹೋಗುವನು. ದರವನ್ನೇರಿಸದೆ ದೂರವನ್ನು ಕಡಮೆ ಮಾಡಿ ಗಿರಾಕಿಯನ್ನು ಗೆದ್ದ ಉಪಾಯವಿದು. ದಿನವೂ ಬಾಗಿಲಿಗೆ ಬರುವ ಏಜೆಂಟನಿಗೆ ಮನೆಯ ಯಜಮಾನಿಯ ಮುಖ ಗೊತ್ತು, ಮಗಳ ಮದುವೆ ಯಾವಾಗ ಎಂಬುದು ಗೊತ್ತು, ದೋಣಿಗೆ ಮೀನು ಬಿತ್ತೋ ಇಲ್ಲವೋ ಎಂಬುದೂ ಗೊತ್ತು. ‘ನೀನು ಯಾರು’ ಎಂದು ಕೇಳುವ ಪ್ರಸಂಗವೇ ಅಲ್ಲಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ದಿವಾಳಿಗಳ ಪಾಠವು ಕಾನೂನಾಗಲು ಬಹಳ ಕಾಲ ಹಿಡಿಯಿತು. 1937ರಲ್ಲಿ ಎರಡು ಬ್ಯಾಂಕುಗಳು ಕೂಡಿ ಆದ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಮರುವರ್ಷವೇ ಮುಳುಗಿತು. ಬ್ಯಾಂಕಿಂಗ್ ಕಂಪನಿಗಳ ಶಾಸನ ಬಂದುದು 1949ರಲ್ಲಿ. ಅದಾದ ಮೇಲೂ 1960ರ ಆಗಸ್ಟಿನಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿತು. ಆಗ ಎಚ್ಚತ್ತ ಸರ್ಕಾರವು ದುರ್ಬಲ ಬ್ಯಾಂಕುಗಳನ್ನು ಬಲವಾದುವುಗಳಲ್ಲಿ ವಿಲೀನಗೊಳಿಸುವ ಅಧಿಕಾರವನ್ನು ಪಡೆಯಿತು. 1961ರ ಶಾಸನದ ಮೂಲಕ ಠೇವಣಿ ವಿಮೆಯನ್ನು ಸ್ಥಾಪಿಸಿ 1962ರ ಜನವರಿ 1ರಿಂದ ಒಬ್ಬೊಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 1,500 ರೂಪಾಯಿಗಳವರೆಗೆ ಭರವಸೆ ಕೊಟ್ಟಿತು. ಆ ಮಿತಿಯು 1993ರಲ್ಲಿ ಒಂದು ಲಕ್ಷಕ್ಕೂ 2020ರ ಫೆಬ್ರವರಿಯಲ್ಲಿ 5 ಲಕ್ಷಕ್ಕೂ ಏರಿತು. ಬ್ಯಾಂಕಿಗೆ ನಿರ್ಬಂಧ ಬಿದ್ದರೆ 90 ದಿನಗಳೊಳಗೆ ವಿಮೆಯ ಹಣ ಸಲ್ಲಬೇಕೆಂದು 2021ರಲ್ಲಿ ವಿಧಿಯಾಯಿತು. 1906ರಿಂದ 1962ರ ವರೆಗೆ ಲೆಕ್ಕ ಹಾಕಿದರೆ 56 ವರ್ಷಗಳು. ಅಷ್ಟರಲ್ಲಿ ಎಷ್ಟು ವಿಧವೆಯರ, ಎಷ್ಟು ನಿವೃತ್ತ ಗುಮಾಸ್ತರ ಇಡುಗಂಟು ಹೋಯಿತೋ!

ಹಾಗಾದರೆ ಪೈಪೋಟಿಯೇ ದಿವಾಳಿಗೆ ಕಾರಣವೆ? ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಅಮೆರಿಕದ ಮೈಕಲ್ ಕೀಲಿ ಎಂಬವರು 1990ರಲ್ಲಿ ಮಂಡಿಸಿದ ವಾದ ಹೀಗೆ: ಪೈಪೋಟಿ ಇಲ್ಲದಿರುವಾಗ ಬ್ಯಾಂಕು ನಡೆಸುವ ಸನ್ನದಿಗೇ ಒಂದು ಬೆಲೆಯುಂಟು, ಕಳೆದುಕೊಳ್ಳುವುದಕ್ಕೆ ಬೆಲೆಬಾಳುವ ವಸ್ತು ಇರುವವನು ಜೂಜಾಡುವುದಿಲ್ಲ. ಪೈಪೋಟಿ ಬಂದು ಲಾಭ ತೆಳುವಾದರೆ ಸನ್ನದಿನ ಬೆಲೆ ಇಳಿಯುತ್ತದೆ; ಆಗ ಬ್ಯಾಂಕು, ವಿಶೇಷವಾಗಿ ಠೇವಣಿಗೆ ವಿಮೆಯ ಆಸರೆ ಇರುವಾಗ, ಸಾಹಸಕ್ಕಿಳಿಯುತ್ತದೆ. ಬಾಯ್ಡ್ ಮತ್ತು ಡಿ ನಿಕೊಲೊ ಎಂಬವರು 2005ರಲ್ಲಿ ಇದಕ್ಕೆ ಪ್ರತಿಪಕ್ಷವನ್ನು ಹೂಡಿದರು: ಪೈಪೋಟಿ ಇಲ್ಲದ ಬ್ಯಾಂಕು ಸಾಲಕ್ಕೆ ದುಬಾರಿ ಬಡ್ಡಿ ಹೇರುತ್ತದೆ, ದುಬಾರಿ ಬಡ್ಡಿ ತೆರಬೇಕಾದ ಸಾಲಗಾರನು ತಾನೇ ಸಾಹಸಕ್ಕಿಳಿದು ಮುಳುಗುತ್ತಾನೆ, ಬ್ಯಾಂಕನ್ನೂ ಮುಳುಗಿಸುತ್ತಾನೆ. ಎರಡೂ ಪಕ್ಷಗಳಲ್ಲಿ ನಿಜಾಂಶವಿದೆ. ನನಗೆ ತೋರುವ ಮಟ್ಟಿಗೆ, ಪೈಪೋಟಿ ಎಷ್ಟಿದೆ ಎಂಬುದಕ್ಕಿಂತ ಅದು ಯಾವುದರಲ್ಲಿದೆ ಎಂಬುದು ಮುಖ್ಯ. ಗಿರಾಕಿಗೆ ಕಾಣುವುದರಲ್ಲಿ, ಎಂದರೆ ಬಡ್ಡಿಯ ದರದಲ್ಲಿ, ಶಾಖೆಗಳ ಸಂಖ್ಯೆಯಲ್ಲಿ, ಕೆಲಸದ ವೇಗದಲ್ಲಿ ಬ್ಯಾಂಕುಗಳು ಸೆಣಸುತ್ತವೆ. ಆ ಸೆಣಸಾಟದ ವೆಚ್ಚವನ್ನು ಗಿರಾಕಿಗೆ ಕಾಣದ ಕಡೆಯಲ್ಲಿ ಉಳಿಸಿಕೊಂಡರೆ ಅಪಾಯ ಹುಟ್ಟುತ್ತದೆ. 1913ರಲ್ಲಿ ಹಾಗೆ ಕಾಣದಿದ್ದುದು ಸಾಲದ ಗುಣ. ನಮ್ಮ ಕಾಲದಲ್ಲಿ ಕಾಣದಿರುವುದು ಮತ್ತೊಂದು ಉಂಟು. ಅದು ಗಿರಾಕಿಯ ಗುರುತನ್ನು ಕುರಿತ ಜಾಗ್ರತೆ.

ಗುರುತಿನ ವಿಚಾರಕ್ಕೆ ಬರೋಣ. ನಮ್ಮ ಸ್ಮೃತಿಗಳ ಪ್ರಕಾರ ಸಾಲಪತ್ರವನ್ನು ಸಾಲಗಾರನು ಇಂಥವನ ಮಗನಾದ ನಾನು ಒಪ್ಪಿದೆನೆಂದು ಸ್ವಹಸ್ತದಿಂದ ಬರೆಯತಕ್ಕದ್ದು; ಅಕ್ಷರ ಬಾರದವನು ಸಾಕ್ಷಿಗಳ ಸಮಕ್ಷಮ ಇನ್ನೊಬ್ಬನಿಂದ ಬರೆಯಿಸತಕ್ಕದ್ದು. ಬರೆಹವೂ ಸಾಕ್ಷಿಯೂ ಇದ್ದ ಆ ಸ್ಥಾನಕ್ಕೆ ಬೆರಳು ಬಂದುದು ವಂಗದೇಶದಲ್ಲಿ. 1858ರಲ್ಲಿ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಎಂಬ ತರುಣನು, ರಸ್ತೆಗೆ ಜಲ್ಲಿ ಒದಗಿಸಲು ಒಪ್ಪಿದ್ದ ರಾಜ್ಯಧರ ಕೋನಾಯಿ ಎಂಬವನಿಂದ ಕರಾರುಪತ್ರದ ಬೆನ್ನಿಗೆ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. ರುಜು ತನ್ನದಲ್ಲವೆಂದು ಆತನು ಮುಂದೆ ಜಾರಿಕೊಳ್ಳದಿರಲೆಂಬುದೇ ಅದರ ಉದ್ದೇಶ. 1877ರಲ್ಲಿ ಹೂಗ್ಲಿಯಲ್ಲಿ ಹರ್ಷೆಲನು ಇದನ್ನು ಮೂರು ಕಡೆ ರೂಢಿಗೆ ತಂದನು: ಪಿಂಚಣಿ ಹಂಚುವಲ್ಲಿ, ಸೆರೆಮನೆಯಲ್ಲಿ, ಪತ್ರಗಳನ್ನು ನೋಂದಾಯಿಸುವ ಕಚೇರಿಯಲ್ಲಿ. ಸತ್ತ ಪಿಂಚಣಿದಾರನ ಹೆಸರಿನಲ್ಲಿ ಬೇರೊಬ್ಬನು ಹಣವೆತ್ತದಂತೆ, ಶಿಕ್ಷೆಯಾದವನ ಬದಲಿಗೆ ಬಾಡಿಗೆಯವನು ಸೆರೆಗೆ ಹೋಗದಂತೆ, ಜಮೀನು ಮಾರಿದವನು ಮಾರಲಿಲ್ಲವೆನ್ನದಂತೆ. ಮುಂದೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಾರ್ಯಾಲಯ ಸ್ಥಾಪಿತವಾಯಿತು. ಅಲ್ಲಿ ಅಚ್ಚುಗಳನ್ನು ವರ್ಗೀಕರಿಸುವ ಕ್ರಮವು ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಪ್ರಸಿದ್ಧವಾದರೂ ಅದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ದೇಶೀಯರ ಶ್ರಮವು ಬಹಳ. ನಮ್ಮ ಭಾಷೆಯಲ್ಲಿ ‘ಹೆಬ್ಬೆಟ್ಟು’ ಎಂಬುದು ನಿರಕ್ಷರನಿಗೆ ಹೀಯಾಳಿಕೆಯ ಮಾತಾಗಿ ನಿಂತಿದೆ. ಇಂದು ಪಂಡಿತನೂ ಹೆಬ್ಬೆಟ್ಟೊತ್ತಿ ಸಿಮ್ ಕಾರ್ಡು ಕೊಳ್ಳುವ ಕಾಲ ಬಂದುದರಿಂದ ಆ ಬೈಗುಳಕ್ಕೆ ಹುರುಳಿಲ್ಲದಂತಾಯಿತು. ಅಷ್ಟರ ಮಟ್ಟಿಗೆ ಸಂತೋಷವೇ.

ಯಂತ್ರವು ಬೆರಳನ್ನು ಗುರುತಿಸುವ ಬಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಬೆರಳ ತುದಿಯ ಗೆರೆಗಳು ಗರ್ಭದಲ್ಲಿಯೇ ರೂಪುಗೊಂಡು ಕೊನೆಯವರೆಗೂ ಇರುತ್ತವೆ. ಗೆರೆಯು ನಿಲ್ಲುವ ತಾಣ, ಗೆರೆಯು ಕವಲೊಡೆಯುವ ತಾಣ, ಇವುಗಳ ನೆಲೆಯನ್ನೂ ದಿಕ್ಕನ್ನೂ ಯಂತ್ರವು ಬಿಂದುಗಳ ಪಟ್ಟಿಯಾಗಿ ಬರೆದಿಟ್ಟುಕೊಳ್ಳುತ್ತದೆ. ಮತ್ತೆ ಬೆರಳಿಟ್ಟಾಗ ಹೊಸ ಪಟ್ಟಿಯನ್ನು ಹಳೆಯದರೊಡನೆ ಹೋಲಿಸುತ್ತದೆ. ಎರಡು ಸಲ ಒತ್ತಿದ ಅಚ್ಚು ಎಂದಿಗೂ ಸರ್ವಥಾ ಒಂದೇ ಆಗಿರಲಾರದು. ಬೆವರು, ಒತ್ತಡ, ಓರೆ ಇವುಗಳಿಂದ ಭೇದ ಬೀಳುತ್ತದೆ. ಆದ್ದರಿಂದ ಯಂತ್ರವು ಹೇಳುವುದು ‘ಇವನೇ ಅವನು’ ಎಂದಲ್ಲ; ‘ಇಷ್ಟು ಹೋಲಿಕೆಯಿದೆ, ಇಟ್ಟಿರುವ ಮೇರೆಯನ್ನು ಮುಟ್ಟಿದೆ’ ಎಂದು. ಮೇರೆಯನ್ನು ಏರಿಸಿದರೆ ನಿಜವಾದವನಿಗೂ ಬಾಗಿಲು ಮುಚ್ಚುವ ಸಂಭವ ಹೆಚ್ಚು. ಇಳಿಸಿದರೆ ಪರಕೀಯನಿಗೆ ತೆರೆಯುವ ಸಂಭವ ಹೆಚ್ಚು. ಎರಡನ್ನೂ ಒಟ್ಟಿಗೆ ಇಲ್ಲವಾಗಿಸುವ ಮೇರೆಯಿಲ್ಲ. ಗಾರೆಕೆಲಸದವರು, ಬೀಡಿ ಕಟ್ಟುವವರು, ವೃದ್ಧರು, ಇವರ ಬೆರಳಿನ ಗೆರೆ ಸವೆದಿರುವುದರಿಂದ ಬಾಗಿಲು ಮುಚ್ಚುವುದು ಹೆಚ್ಚಾಗಿ ಅವರಿಗೇ. ಒಂದು ಬ್ಯಾಂಕಿನಲ್ಲಿ ಮುದುಕಿಯೊಬ್ಬಳು ಆರು ಸಲ ಬೆರಳನ್ನು ಸೆರಗಿನಿಂದ ಒರಸಿ ಒರಸಿ ಒತ್ತಿದುದನ್ನು ನಾನು ಕಂಡಿದ್ದೇನೆ. ಮೇಜಿನಾಚೆಯ ಗುಮಾಸ್ತನು ಅವಳನ್ನು ‘ಬಾರಮ್ಮ, ನಾಳೆ ಬೆಳಗ್ಗೆ ನೋಡೋಣ’ ಎಂದು ಹೆಸರು ಹಿಡಿದು ಕರೆದೇ ಕಳುಹಿಸಿದನು. ಅವನಿಗೆ ಅವಳು ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಪಿಗ್ಮಿ ಏಜೆಂಟನ ಕಾಲದಿಂದ ನಾವು ಎಷ್ಟು ದೂರ ಬಂದಿದ್ದೇವೆಂಬುದನ್ನು ಇದಕ್ಕಿಂತ ಹೆಚ್ಚಾಗಿ ಹೇಳಬೇಕಾಗಿಲ್ಲ. ಆದರೂ ಆ ಕಾಲಕ್ಕೆ ಹಿಂದಿರುಗಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಮುಖಪರಿಚಯವುಳ್ಳ ಬ್ಯಾಂಕು ಪರಿಚಿತರಿಗೆ ಮಾತ್ರ ತೆರೆದಿರುತ್ತದೆ; ವಲಸೆ ಬಂದ ಕೂಲಿಯವನ ಮುಖ ಯಾರಿಗೂ ಗೊತ್ತಿಲ್ಲ. 2010ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ತೆಂಭ್ಲಿ ಗ್ರಾಮದಲ್ಲಿ ಆರಂಭವಾದ ಆಧಾರ್ ಯೋಜನೆಯು, ಹತ್ತು ಬೆರಳು, ಎರಡು ಕಣ್ಣಿನ ಪಾಪೆ ಮತ್ತು ಮುಖದ ಚಿತ್ರಗಳನ್ನು ಪಡೆದು, ಅಂಥವನಿಗೂ ಖಾತೆ ತೆರೆಯುವ ದಾರಿ ಮಾಡಿತೆಂಬುದನ್ನು ಒಪ್ಪಲೇಬೇಕು.

ಪೈಪೋಟಿಯೂ ಬೆರಳೂ ಸಂಧಿಸಿದ ಸ್ಥಳ ಇದೇ. ಬೆರಳೊತ್ತಿದರೆ ಕ್ಷಣಮಾತ್ರದಲ್ಲಿ ಖಾತೆ ತೆರೆಯಬಹುದಾದ ಮೇಲೆ, ಯಾರು ಬೇಗ ಹೆಚ್ಚು ಖಾತೆಗಳನ್ನು ತೆರೆಯುವರು ಎಂಬುದು ಸ್ಪರ್ಧೆಯ ವಿಷಯವಾಯಿತು. 2017ರಲ್ಲಿ ನಡೆದ ಒಂದು ಪ್ರಸಂಗವು ಸರ್ಕಾರೀ ದಾಖಲೆಗೆ ಸೇರಿದೆ. ದೂರವಾಣಿಯ ಸಂಖ್ಯೆಯನ್ನು ಪರಿಶೀಲಿಸಿಕೊಳ್ಳಲೆಂದು ಬೆರಳೊತ್ತಿದ ಏರ್‌ಟೆಲ್ ಗಿರಾಕಿಗಳಲ್ಲಿ ಅನೇಕರಿಗೆ, ಅವರ ತಿಳಿದ ಸಮ್ಮತಿಯಿಲ್ಲದೆ, ಅದೇ ಬಳಗದ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆಯಲ್ಪಟ್ಟಿತ್ತೆಂದು ದೂರುಗಳು ಬಂದುವು. ಅಡುಗೆ ಅನಿಲದ ಸಹಾಯಧನವು ಅವರು ಕಾಣದ ಆ ಖಾತೆಗಳಿಗೆ ಹೋಗಿ ಸೇರಿತ್ತು. ಆಧಾರ್ ಪ್ರಾಧಿಕಾರವು ಆ ವರ್ಷದ ಡಿಸೆಂಬರಿನಲ್ಲಿ ಕಂಪನಿಯ ಪರಿಶೀಲನಾಧಿಕಾರವನ್ನು ತಡೆಹಿಡಿಯಿತು. ರಿಜರ್ವ್ ಬ್ಯಾಂಕು 2018ರ ಮಾರ್ಚಿಯಲ್ಲಿ ಆ ಪೇಮೆಂಟ್ಸ್ ಬ್ಯಾಂಕಿಗೆ 5 ಕೋಟಿ ರೂಪಾಯಿ ದಂಡ ವಿಧಿಸಿತು. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಯಾವ ಬೆರಳೂ ಸುಳ್ಳಲ್ಲ. ಬೆರಳು ಗಿರಾಕಿಯದೇ, ಒತ್ತಿದವನೂ ಅವನೇ. ಒತ್ತಿದ ಉದ್ದೇಶ ಮಾತ್ರ ಬೇರೆ.

ಸಂಸ್ಕೃತ ನಾಟಕಗಳನ್ನು ಪಾಠ ಹೇಳುವವರಿಗೆ ಈ ಸನ್ನಿವೇಶ ಹೊಸದಲ್ಲ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಅಮಾತ್ಯ ರಾಕ್ಷಸನು ತನ್ನ ಕುಟುಂಬವನ್ನು ಮಣಿಕಾರಶ್ರೇಷ್ಠಿಯಾದ ಚಂದನದಾಸನ ಮನೆಯಲ್ಲಿ ನ್ಯಾಸದಂತೆ ಇಟ್ಟು ಹೋಗಿರುವನಷ್ಟೆ. ಹೊರಗೋಡಿದ ಮಗುವನ್ನು ಒಳಗೆಳೆಯುವಾಗ ರಾಕ್ಷಸನ ಪತ್ನಿಯ ಬೆರಳಿನಿಂದ ಮುದ್ರೆಯುಂಗುರವು ಜಾರುತ್ತದೆ. ಗೂಢಚಾರನ ಮೂಲಕ ಚಾಣಕ್ಯನ ಕೈ ಸೇರುತ್ತದೆ. ಅವನು ಬರೆಯಿಸಿದ ಪತ್ರಕ್ಕೆ ಆ ಮುದ್ರೆ ಬೀಳುತ್ತದೆ. ಮುದ್ರೆ ನಿಜವಾದ ಮುದ್ರೆ, ಲಿಪಿಕಾರನೂ ರಾಕ್ಷಸನ ಮಿತ್ರನೇ, ಸುಳ್ಳಾದುದು ಸಮ್ಮತಿಯೊಂದೇ. ಆದರೂ ಮಲಯಕೇತುವಿನ ಸಮ್ಮುಖದಲ್ಲಿ ಆ ಮುದ್ರೆಯೇ ರಾಕ್ಷಸನ ವಿರುದ್ಧ ಸಾಕ್ಷಿ ಹೇಳುತ್ತದೆ. ಈ ಕಥೆಯನ್ನು ನಮ್ಮ ಕೆಂಪುನಾರಾಯಣನು 1823ರಲ್ಲಿ ಕನ್ನಡ ಗದ್ಯಕ್ಕೆ ತಂದಾಗ ‘ಮುದ್ರಾಮಂಜೂಷ’ ಎಂದು ಹೆಸರಿಟ್ಟುದು ಎಷ್ಟು ಸಾರ್ಥಕವಾಗಿದೆ! ಇಂದಿನ ದತ್ತಾಂಶದ ಉಗ್ರಾಣಗಳಿಗೆ ಅದಕ್ಕಿಂತ ಒಪ್ಪುವ ಹೆಸರು ನನಗೆ ತೋರದು. ಪರಿಶೀಲನೆಯು ಸ್ಥಾಪಿಸುವುದು ಗುರುತನ್ನು, ಇಚ್ಛೆಯನ್ನಲ್ಲ. ರುಜು ಹಾಕುವಾಗ ಪತ್ರವನ್ನು ಓದುವ ಅವಕಾಶವಾದರೂ ಇರುತ್ತದೆ. ಗಾಜಿನ ಮೇಲೆ ಬೆರಳೊತ್ತುವವನಿಗೆ ತಾನು ಯಾವ ಪತ್ರಕ್ಕೆ ಒತ್ತುತ್ತಿರುವೆನೆಂಬುದೇ ಕಾಣುವುದಿಲ್ಲ.

ರಾಕ್ಷಸನ ಉಂಗುರದಂತೆ ಮುದ್ರೆಯೇ ಪರರ ಕೈ ಸೇರಿದ ಪ್ರಸಂಗಗಳೂ ನಮ್ಮಲ್ಲಿ ನಡೆದಿವೆ. ಹಳ್ಳಿಗಳಲ್ಲಿ ಬ್ಯಾಂಕ್‌ಮಿತ್ರರೆಂಬವರು ಚಿಕ್ಕ ಯಂತ್ರವನ್ನಿಟ್ಟುಕೊಂಡು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟರಿಂದಲೇ ಒಂದು ಸಲಕ್ಕೆ ಹತ್ತು ಸಾವಿರದವರೆಗೆ ಹಣ ಕೊಡುವ ಏರ್ಪಾಡು ಉಂಟು. ಚೆಕ್ಕಾಗಲಿ ಕಾರ್ಡಾಗಲಿ ಇಲ್ಲದ ಬಡವರಿಗೆ ಇದು ದೊಡ್ಡ ಉಪಕಾರ. ಆದರೆ 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಅನೇಕರು ತಾವು ಎಲ್ಲಿಯೂ ಬೆರಳಿಡದಿದ್ದರೂ ತಮ್ಮ ಖಾತೆಯಿಂದ ಹಣ ಹೋಯಿತೆಂದು ಪೊಲೀಸರಲ್ಲಿಗೆ ಬಂದರು. ಬಂದವರಲ್ಲಿ ಹಲವರು ಅದಕ್ಕೆ ಸ್ವಲ್ಪ ಮುಂಚೆ ಆಸ್ತಿಯ ಪತ್ರವನ್ನು ನೋಂದಾಯಿಸಿದ್ದವರು. ನೋಂದಾಯಿತ ಪತ್ರದ ನಕಲಿನಲ್ಲಿ ಹೆಬ್ಬೆಟ್ಟಿನ ಅಚ್ಚೂ ಆಧಾರ್ ಸಂಖ್ಯೆಯೂ ಒಟ್ಟಿಗೆ ಇದ್ದು, ಆ ನಕಲು ಜಾಲದ ಮೂಲಕ ಪರರಿಗೂ ದೊರೆಯುತ್ತಿತ್ತು. ಆ ಅಚ್ಚಿನಿಂದ ರಬ್ಬರಿನಂಥ ವಸ್ತುವಿನಲ್ಲಿ ಬೆರಳಿನ ಪ್ರತಿಕೃತಿಯನ್ನು ಮಾಡಿ ಯಂತ್ರದ ಮೇಲೆ ಒತ್ತಿದರೆ, ಯಂತ್ರಕ್ಕೆ ಬೇಕಾದ ಬಿಂದುಗಳೆಲ್ಲ ಅಲ್ಲಿರುತ್ತವೆ. ಹರ್ಷೆಲನು ಮೋಸವನ್ನು ತಡೆಯಲೆಂದು 1877ರಲ್ಲಿ ಯಾವ ಕಚೇರಿಗೆ ಹೆಬ್ಬೆಟ್ಟನ್ನು ತಂದನೋ ಅಂಥ ಕಚೇರಿಯ ಕಡತವೇ 146 ವರ್ಷಗಳ ತರುವಾಯ ಮೋಸಕ್ಕೆ ಸಾಧನವಾಯಿತು. ಕಚೇರಿಯನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಸ್ಥಿರಾಸ್ತಿಯ ಪತ್ರವು ಸ್ವಭಾವತಃ ಪ್ರಕಟವಾಗಿರಬೇಕಾದುದು. ಕೊಳ್ಳುವವನು ಅದನ್ನು ನೋಡಲೇಬೇಕು. ಒಂದು ಕಡೆ ಪ್ರಕಟವಾದ ಸಾಕ್ಷಿಯಾಗಿರುವ ವಸ್ತುವನ್ನೇ ಇನ್ನೊಂದು ಕಡೆ ಗುಟ್ಟಿನ ಬೀಗದ ಕೈಯಾಗಿ ಮಾಡಿದುದೇ ಮೂಲದೋಷ. ಮುಂದೆ ಪತ್ರಗಳ ನಕಲಿನಲ್ಲಿ ಅಚ್ಚನ್ನು ಮರೆಮಾಡುವ ಏರ್ಪಾಡಾಯಿತು. ಬೆರಳು ಜೀವಂತವೋ ಅಲ್ಲವೋ ಎಂದು ನೋಡುವ ಕ್ರಮವನ್ನು ಪ್ರಾಧಿಕಾರವು ಬಲಪಡಿಸಿತು. ತನ್ನ ಬೆರಳಿಗೆ ತಾನೇ ‘ಬೀಗ’ ಹಾಕಿಕೊಳ್ಳುವ ಸೌಕರ್ಯವೂ ಇದೆ. ಆದರೆ ಒಮ್ಮೆ ಹೊರಬಿದ್ದ ಅಚ್ಚು ಹೊರಬಿದ್ದದ್ದೇ.

ಇಂಗ್ಲಿಷಿನ ‘ಪ್ರೈವೆಸಿ’ ಎಂಬುದಕ್ಕೆ ಕನ್ನಡದಲ್ಲಿ ಒಪ್ಪವಾದ ಶಬ್ದವು ಇನ್ನೂ ನೆಲೆಗೊಂಡಿಲ್ಲವೆಂಬುದನ್ನು ಇಲ್ಲಿಯೇ ಹೇಳಬಹುದು. ‘ಗೋಪ್ಯತೆ’ಯಲ್ಲಿ ಮುಚ್ಚಿಡತಕ್ಕ ತಪ್ಪೇನೋ ಉಂಟೆಂಬ ಧ್ವನಿಯಿದೆ, ‘ಏಕಾಂತ’ದಲ್ಲಿ ಒಂಟಿತನವಿದೆ, ‘ಖಾಸಗಿತನ’ವು ಅರಬ್ಬಿಯಿಂದ ಬಂದು ನಮ್ಮದಾದ ಶಬ್ದದ ಮೇಲೆ ಕಟ್ಟಿದ್ದು, ಅರ್ಥಕ್ಕೆ ಹೆಚ್ಚು ಸಮೀಪ. ಶಬ್ದವು ಅಸ್ಥಿರವಾಗಿದ್ದರೂ ಹಕ್ಕು ಸ್ಥಿರಪಟ್ಟಿದೆ, ಮತ್ತು ಅದನ್ನು ಸ್ಥಿರಪಡಿಸಿದ ವ್ಯಾಜ್ಯಕ್ಕೆ ಕನ್ನಡನಾಡಿನವರೊಬ್ಬರ ಹೆಸರು ಬಿದ್ದಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಶಾಸನದ ಬಲವಿಲ್ಲದೆ ಜನರ ಅಂಗಲಕ್ಷಣಗಳನ್ನು ಸಂಗ್ರಹಿಸುವುದು ಸರಿಯೇ ಎಂದು ಸರ್ವೋಚ್ಚ ನ್ಯಾಯಾಲಯವನ್ನು ಕೇಳಿದರು. ಆಧಾರ್ ಶಾಸನವು 2016ರಲ್ಲಿ ಬಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠವು ಬಹುಮತದಿಂದ, ಸರ್ಕಾರದ ಸಹಾಯಧನಗಳಿಗೆ ಆಧಾರನ್ನು ಎತ್ತಿಹಿಡಿದು, ಬ್ಯಾಂಕ್ ಖಾತೆಗೆ ಅದನ್ನು ಕಡ್ಡಾಯವಾಗಿ ಜೋಡಿಸಬೇಕೆಂಬ ವಿಧಿಯನ್ನು ಹೊಡೆದುಹಾಕಿತು. ಮರುವರ್ಷದ ತಿದ್ದುಪಡಿಯು ಗಿರಾಕಿಯು ತಾನಾಗಿ ಒಪ್ಪಿದರೆ ಬ್ಯಾಂಕುಗಳು ಅದನ್ನು ಬಳಸಬಹುದೆಂದು ಅವಕಾಶ ಮಾಡಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

‘ತಾನಾಗಿ ಒಪ್ಪಿದರೆ’ ಎಂಬ ಮಾತು ಕಾಗದದ ಮೇಲೆ ಚೆನ್ನಾಗಿದೆ. ಸರದಿಯಲ್ಲಿ ನಿಂತವನಿಗೆ, ಬೆರಳೊತ್ತಿದರೆ ಐದು ನಿಮಿಷ, ಇಲ್ಲವಾದರೆ ಇನ್ನೆರಡು ಸಲ ಬರಬೇಕು ಎಂದಾಗ ಆ ಒಪ್ಪಿಗೆಗೆ ಎಷ್ಟು ತೂಕವೆಂಬುದನ್ನು ವಾಚಕರೇ ಊಹಿಸಬಹುದು. ಬ್ಯಾಂಕುಗಳಿಗೆ ಗುಟ್ಟು ಕಾಯುವ ಧರ್ಮ ಹೊಸದಲ್ಲ. ಗಿರಾಕಿಯ ವ್ಯವಹಾರವನ್ನು ಬ್ಯಾಂಕು ಹೊರಗೆಡಹಬಾರದೆಂಬುದನ್ನು ಟೂರ್ನಿಯರ್ ಎಂಬವರ ವ್ಯಾಜ್ಯದಲ್ಲಿ ಇಂಗ್ಲೆಂಡಿನ ನ್ಯಾಯಾಲಯವು 1924ರಲ್ಲಿಯೇ ಸ್ಥಿರಪಡಿಸಿತ್ತು. ಆದರೆ ಅಲ್ಲಿ ಪ್ರಶ್ನೆಯಿದ್ದುದು ಖಾತೆಯ ಸುದ್ದಿಯನ್ನು ಕುರಿತು. ಖಾತೆಯ ಸುದ್ದಿ ಹಳತಾಗುತ್ತದೆ, ಮರೆತುಹೋಗುತ್ತದೆ.

ಈಗ ಇಡುಗಂಟನ್ನೂ ಹೆಬ್ಬೆಟ್ಟನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣ. ಹಣವು ಒಂದರಂತೆ ಇನ್ನೊಂದು. ಹೋದ ನೂರು ರೂಪಾಯಿಗೆ ಬೇರೆ ನೂರು ರೂಪಾಯಿ ಕೊಟ್ಟರೆ ನಷ್ಟ ತುಂಬಿತು. ಆದುದರಿಂದಲೇ ಅದನ್ನು ಸಾಲವಾಗಿ ಕೊಡಬಹುದು, ಬೆರೆಸಬಹುದು, ವಿಮೆ ಮಾಡಬಹುದು. ಕಳ್ಳಬೆರಳಿನಿಂದ ಹೋದ ಹಣವನ್ನು ಕೂಡ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ತಪ್ಪಿಲ್ಲದ ಗಿರಾಕಿಗೆ ತುಂಬಿಕೊಡತಕ್ಕದ್ದೆಂದು ರಿಜರ್ವ್ ಬ್ಯಾಂಕು 2017ರ ಜುಲೈಯಲ್ಲಿ ವಿಧಿಸಿತು. ಬೆರಳನ್ನು ತುಂಬಿಕೊಡುವವರು ಯಾರು? ಗುಪ್ತಪದವನ್ನು ಬದಲಾಯಿಸಬಹುದು, ಕಾರ್ಡನ್ನು ರದ್ದು ಮಾಡಬಹುದು, ಬೀಗವನ್ನು ಹೊಸದಾಗಿ ಹಾಕಬಹುದು. ಮನುಷ್ಯನಿಗೆ ಬೆರಳು ಹತ್ತೇ. ಹೀಗಿರುವಲ್ಲಿ ಬೆರಳಚ್ಚನ್ನು ಠೇವಣಿಯಂತೆ ಬಳಸಿ ಬದುಕುವುದಕ್ಕೆ ಯಾರಿಗೂ ಅಧಿಕಾರವಿರಲಾಗದು. ಅದು ವಿಜ್ಞಾನೇಶ್ವರನು ಹೇಳಿದ ಉಪನಿಧಿಯ ವರ್ಗಕ್ಕೆ ಸೇರಿದ್ದು: ಮುದ್ರೆಯೊಡೆಯದೆ ಇಡತಕ್ಕದ್ದು, ಕೊಟ್ಟ ಕಾರ್ಯಕ್ಕಲ್ಲದೆ ಬಳಸಿದವನು ದಂಡಾರ್ಹನು. 2016ರ ಆಧಾರ್ ಶಾಸನದ 29ನೆಯ ವಿಧಿಯು ಮೂಲ ಅಂಗಲಕ್ಷಣಗಳನ್ನು ಯಾವ ಕಾರಣಕ್ಕೂ ಯಾರೊಡನೆಯೂ ಹಂಚಿಕೊಳ್ಳಬಾರದೆಂದು ಹೇಳುವಾಗ ಈ ತತ್ತ್ವವನ್ನೇ ಹಿಡಿದಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನವು ಜಾಗ್ರತೆ ತಪ್ಪಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಇಟ್ಟಿದೆ. ದಂಡದ ಹಣ ಸೇರುವುದು ಸರ್ಕಾರದ ಬೊಕ್ಕಸಕ್ಕೆ. ಅಚ್ಚು ಕಳೆದುಕೊಂಡವನಿಗೆ ಇಷ್ಟು ಸಲ್ಲಬೇಕೆಂದು, 1962ರ 1,500 ರೂಪಾಯಿಯಂತೆ ಬೆರಳಿಟ್ಟು ತೋರಿಸಬಹುದಾದ ಯಾವ ಮೊತ್ತವೂ ಆ ಶಾಸನದಲ್ಲಿಲ್ಲ.

ಹರ್ಷೆಲನು ತನ್ನ ವೃದ್ಧಾಪ್ಯದಲ್ಲಿ, 1916ರಲ್ಲಿ, ಬೆರಳಚ್ಚಿನ ಉತ್ಪತ್ತಿಯನ್ನು ಕುರಿತು ಚಿಕ್ಕದೊಂದು ಪುಸ್ತಕವನ್ನು ಪ್ರಕಟಿಸಿದನು. ಆತನು ತನ್ನ ಬೆರಳಿನ ಅಚ್ಚನ್ನೇ 1859ರಲ್ಲಿ ಒಮ್ಮೆ, 1877ರಲ್ಲಿ ಒಮ್ಮೆ, ಮತ್ತೆ 1916ರಲ್ಲಿ ಒಮ್ಮೆ ತೆಗೆದು ಪರೀಕ್ಷಿಸಿದ್ದನು. ಐವತ್ತೇಳು ವರ್ಷಗಳಲ್ಲಿ ಚರ್ಮ ಸುಕ್ಕುಗಟ್ಟಿತ್ತು. ಗೆರೆಗಳು ಇದ್ದಲ್ಲಿಯೇ ಇದ್ದುವು.